ಸಿನಿಮಾ ಮನೆಯಲ್ಲಿ ಹಾಲುಕ್ಕಿತು

ಹೈದರಾಬಾದ್
4 ನವೆಂಬರ್ 2023

ಪ್ರೀತಿಯ ಚಿಕ್ಕವ್ವ,

ನಮಸ್ಕಾರ. ಸತ್ತೇಗಾಲದಿಂದ ಬಂದು ವಾರವಾದರೂ ಚಪ್ಪಲಿಯ ತಳದಲ್ಲಿ ನಿಮ್ಮ ಹೊಲದ ಮಣ್ಣು ಹಾಗೇ ಇದೆ. ಫೋನು ಮಾಡಿದರೆ ನಿನ್ನ ಕಿವಿಗೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಅಕ್ಷರ ಕಲಿಸಿದವಳಿಗೇ ಕಾಗದ ಬರೆಯುವುದೆಂದರೆ ನನಗೆ ಈಗಲೂ ಭಯ.

ಒಂದು ಕೆಲಸ ಆಗಬೇಕು. ಗುರುಪಾದಸ್ವಾಮಿ ಚಿಕ್ಕಪ್ಪನ ಬೀಳು ಹೊಲದಲ್ಲಿ ನಾವು ಸಿನಿಮಾಕ್ಕೆಂದು ಕಟ್ಟಿದ ಮನೆಯೇನೋ ಮುಗಿಯಿತು, ಆದರೆ ನಾಯಕನಟ ಡೇಟು ಮುಂದಕ್ಕೆ ಹಾಕಿದ. ಶೂಟಿಂಗ್ ಫೆಬ್ರವರಿಗೆ ಹೋಯಿತು. ಅಲ್ಲಿಯವರೆಗೆ ಖಾಲಿ ಬಿಟ್ಟರೆ ಅದು ಪ್ಲೈವುಡ್ಡಿಗೆ ಮಣ್ಣು ಮೆತ್ತಿದ ಸೆಟ್ ಎಂದು ಕ್ಯಾಮೆರಾ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಹೋದ ಚಿತ್ರದ ಅಡುಗೆಮನೆಗೆ ರಾಷ್ಟ್ರ ಪ್ರಶಸ್ತಿ ಕೊಟ್ಟಾಗ, ಆ ಮಸಿಗೆ ಯಾವ ಬಣ್ಣ ಬಳಿದಿರಿ ಎಂದು ಎಲ್ಲರೂ ಕೇಳಿದರು. ಬಣ್ಣ ಬಳಿದಿರಲಿಲ್ಲ ಚಿಕ್ಕವ್ವ, ತಿಂಗಳುಗಟ್ಟಲೆ ಸೌದೆ ಉರಿಸಿದ್ದೆ. ನನ್ನ ವಿದ್ಯೆ ಇಷ್ಟೇ. ಸುಳ್ಳು ಮನೆಯೊಳಗೆ ನಿಜವಾದ ಹೊಗೆ ಆಡಬೇಕು.

ಆದ್ದರಿಂದ ದಿನಾ ಆ ಮನೆಯ ಒಲೆ ಹಚ್ಚು. ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕು. ಜನ ಓಡಾಡಲಿ.

ಕಥೆ ಕೇಳಿದ್ದೆಯಲ್ಲ. ಊರು ದೂರವಿಟ್ಟ ಒಂದು ಸಂಸಾರ. ಕೊನೆಗೆ ಆ ಮನೆಗೆ ಬೆಂಕಿ ಬೀಳುತ್ತದೆ. ಹೊಳೆಯಿಂದ ನೀರು ಹೊತ್ತು ಬರುವ ಹೆಂಗಸರು ಸಾಲಾಗಿ ನಿಂತು ನೋಡುತ್ತಾರೆ, ಒಬ್ಬರೂ ಒಂದು ಹನಿ ಹಾಕುವುದಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಆ ಬೆಂಕಿಯವರೆಗೆ ಮನೆ ನಿನ್ನ ಕೈಯಲ್ಲಿ.

ನಿನ್ನ
ರಂಜನಿ


ಸತ್ತೇಗಾಲ
21 ನವೆಂಬರ್ 2023

ಚಿರಂಜೀವಿ ರಂಜನಿಗೆ,

ನಿನ್ನ ಚಿಕ್ಕವ್ವ ಪುಟ್ಟಮಲ್ಲಮ್ಮನ ಆಶೀರ್ವಾದಗಳು. ಕಾಗದ ಬಂತು. ಕಿವಿ ಹಿಂಡುವಂಥ ತಪ್ಪೇನೂ ಇಲ್ಲ.

ನಿನಗೆ ಪ್ರಶಸ್ತಿ ಬಂದದ್ದನ್ನು ನನ್ನ ಮೈದುನ, ನಿನ್ನ ಗುರುಪಾದಸ್ವಾಮಿ ಚಿಕ್ಕಪ್ಪ, ಈಗಲೂ ಬಸ್‌ಸ್ಟಾಪಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ. ಮೊನ್ನೆ ಯಳಂದೂರಿನ ಒಬ್ಬರು, ‘ಯಾವ್ ಪಾರ್ಟ್ ಮಾಡಿದ್ಳು ನಿಮ್ ಕೂಸು?’ ಎಂದು ಕೇಳಿದರಂತೆ. ‘ಪಾರ್ಟ್ ಅಲ್ಲ ಕಣಯ್ಯ, ಗೋಡೆಗ್ ಬಂದಿರೋದು’ ಅಂದನಂತೆ ಇವನು. ‘ಗೋಡೆಗಾ? ಓ, ಬೋರ್ಡ್ ಬರೀತಿದ್ದ ಶಿವಮಲ್ಲಪ್ಪನ ಮಗ್ಳಲ್ವಾ! ಅಂಗಾದ್ರೆ ಸರಿ ಬುಡಿ’ ಎಂದು ಅವರು ಬಸ್ಸು ಹತ್ತಿದರಂತೆ. ನಿಮ್ಮಪ್ಪ ಬದುಕಿದ್ದರೆ ನಗುತ್ತಿದ್ದರು.

ಒಲೆ ಹಚ್ಚು ಎಂದು ಬರೆದಿದ್ದೀಯೆ. ಹೊಸ ಮನೆಯಲ್ಲಿ ಸುಮ್ಮನೆ ಹೋಗಿ ಬೆಂಕಿಕಡ್ಡಿ ಗೀರಲು ಆಗುತ್ತದೆಯೇ? ಮೊದಲು ಹಾಲುಕ್ಕಿಸಿದೆವು. ‘ಸಿನಿಮಾದೋರ್ ಮನೆಗೂ ಸಾಸ್ತ್ರವಾ ಅತ್ಗೆ?’ ಎಂದು ನಿನ್ನ ಚಿಕ್ಕಪ್ಪ ನಕ್ಕ. ನಗಲಿ. ಹಾಲು ಮೂಡಲಿಗೆ ಉಕ್ಕಿತು. ಬೀದಿಯ ಹೆಂಗಸರೆಲ್ಲ ಬಂದು ಒಬ್ಬಟ್ಟು ತಿಂದು ಹೋದರು. ನಾಗಶ್ರೀ ನನ್ನ ಜೊತೆಗಿದ್ದಾಳೆ. ಗೊತ್ತಲ್ಲ, ನನ್ನ ವಾರಗಿತ್ತಿ ಚೆಲುವಮ್ಮನ ಸೊಸೆ. ಗಂಡ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡ ಮೇಲೆ ಆ ಹುಡುಗಿ ಹೊಸ್ತಿಲು ದಾಟಿದ್ದೇ ಈಗ.

ಬೆಂಕಿಯ ವಿಷಯ ಓದಿ ಎದೆ ಝಲ್ಲೆಂದಿತು. ಚೆಲುವಮ್ಮನ ಮಗಳು ಭವ್ಯ ಕೊಳ್ಳೇಗಾಲದಿಂದ ಬಂದಿದ್ದಳು, ಅವಳೇ ಸಮಾಧಾನ ಮಾಡಿದಳು. ‘ಅದ್ನೆಲ್ಲ ಕಂಪ್ಯೂಟರ್ನಲ್ಲಿ ಮಾಡ್ತಾರೆ ಕಣ್ ದೊಡ್ಡವ್ವ. ಈ ಸಿನಿಮಾದಲ್ಲಿ ಸತ್ತೋನು ಮುಂದಿನ್ ಸಿನಿಮಾದಲ್ಲಿ ಎದ್ ಬಂದು ಕುಣಿಯಾಕಿಲ್ವಾ?’ ಹೌದಲ್ಲ ಎನ್ನಿಸಿತು.

ಇಂತಿ ನಿನ್ನ ಚಿಕ್ಕವ್ವ


ಹೈದರಾಬಾದ್
5 ಡಿಸೆಂಬರ್ 2023

ಪ್ರೀತಿಯ ಚಿಕ್ಕವ್ವ,

ಭವ್ಯ ಫೋಟೋ ಕಳಿಸಿದಳು. ನನ್ನ ಸಹಾಯಕರನ್ನೆಲ್ಲ ಕರೆದು ತೋರಿಸಿದೆ. ಆ ಹಾಲಿನ ಕಲೆ! ಉಕ್ಕಿ ಒಲೆಯ ಮುಂಭಾಗದಲ್ಲಿ ಇಳಿದು, ಬೂದಿಯ ಮೇಲೆ ಒಣಗಿದೆಯಲ್ಲ, ಅದನ್ನು ದಯವಿಟ್ಟು ಸಾರಿಸಿ ಅಳಿಸಬೇಡ. ಇಂಥದ್ದು ನನಗೂ ಹೊಳೆದಿರಲಿಲ್ಲ. ಮನೆಯೊಂದಕ್ಕೆ ವಯಸ್ಸು ಬರುವುದು ಹೇಗೆ ಎಂದು ನಿನಗೆ ಹುಟ್ಟಿನಿಂದಲೇ ಗೊತ್ತಿದೆ. ಈ ಕಸುಬಿಗೆ ನೀನು ಮೊದಲೇ ಬಂದಿದ್ದರೆ ಪ್ರಶಸ್ತಿ ನಿನ್ನ ಕಪಾಟಿನಲ್ಲಿ ಇರುತ್ತಿತ್ತು.

ಇನ್ನೂ ಒಂದೆರಡು ಬೇಡಿಕೆ. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಗೋಡೆಗೆ ತಲೆ ಒರಗಿಸಿ ಕೂರು, ಎಣ್ಣೆಯ ಗುರುತು ಬೀಳಲಿ. ಹೊಸ್ತಿಲಿಗೆ ದಿನಾ ಅರಿಶಿನ ಹಚ್ಚು. ಬಂದವರನ್ನು ಬೇಡ ಎನ್ನಬೇಡ, ಎಷ್ಟು ಕಾಲು ಓಡಾಡಿದರೆ ಅಷ್ಟು ಒಳ್ಳೆಯದು.

ಉಳಿದದ್ದು ಬಂದಾಗ ಮಾತಾಡೋಣ.

ನಿನ್ನ
ರಂಜನಿ


ಸತ್ತೇಗಾಲ
24 ಡಿಸೆಂಬರ್ 2023

ಚಿರಂಜೀವಿ ರಂಜನಿಗೆ,

ಆಶೀರ್ವಾದಗಳು. ಕಲೆ ಅಳಿಸಿಲ್ಲ. ನೀನು ಹೇಳದಿದ್ದರೂ ಅಳಿಸುತ್ತಿರಲಿಲ್ಲ.

ಅವರೆಕಾಯಿಯ ಕಾಲ. ನಾನೂ ನಾಗಶ್ರೀಯೂ ಈಗ ಬೆಳಗಾದರೆ ಆ ಮನೆಗೇ ಹೋಗುತ್ತೇವೆ. ಹಿತಕಿದ ಬೇಳೆ ಸಾರು, ಮುದ್ದೆ. ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಸೇರುತ್ತಾರೆ, ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ. ಚೆಲುವಮ್ಮ ನಿನ್ನೆ ಬಾಗಿಲಲ್ಲಿ ನಿಂತು, ‘ಏನಕ್ಕ, ಅಟ್ಟೀಲಿ ಒಲೆ ತಣ್ಗಾಗೋಯ್ತು, ನೀನಿಲ್ಲಿ ಓಟ್ಲು ಮಡಿಕ್ಕಂಡಿದ್ದೀಯ’ ಅಂದಳು. ‘ಒಳೀಕ್ ಬಾ ಚೆಲುವಿ, ಕಾಸ್ ಕೇಳಾಕಿಲ್ಲ’ ಅಂದೆ. ಬಂದಳು. ಎರಡು ಸಲ ಸಾರು ಹಾಕಿಸಿಕೊಂಡಳು. ‘ಉಪ್ಪು ಕಮ್ಮಿ’ ಅಂತ ಬೇರೆ ಹೇಳಿದಳು.

ನಿನಗೆ ಒಂದು ಮಾತು ಹೇಳಬೇಕು, ನಗಬೇಡ. ಊರೊಳಗೆ ಬೆಳಿಗ್ಗೆ ಯಾರಾದರೂ ಕೆಲಸಕ್ಕೆ ಹೊರಟಾಗ ನಾನು ಎದುರಾದರೆ ಅವರು ಒಂದು ಗಳಿಗೆ ನಿಲ್ಲುತ್ತಾರೆ. ಬೈಯುವುದಿಲ್ಲ, ಪಾಪ. ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡುತ್ತಾರೆ. ಗಂಡ ಹೋದಾಗಿನಿಂದ ನೋಡಿ ನೋಡಿ ನಾನೇ ಪಕ್ಕದ ಓಣಿಗೆ ತಿರುಗುವುದು ರೂಢಿಯಾಗಿದೆ. ನಾಗಶ್ರೀ ಇನ್ನೂ ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಈ ಮನೆಯ ಬಾಗಿಲಲ್ಲಿ ಮಾತ್ರ ಯಾರೂ ನಿಲ್ಲುವುದಿಲ್ಲ. ಸೀದಾ ಒಳಗೆ ಬರುತ್ತಾರೆ. ಯಾಕೆ ಎಂದು ಗೊತ್ತಿಲ್ಲ. ನಾಟಕದ ಮನೆ ಅಂತಲೋ ಏನೋ.

ಇಂತಿ ನಿನ್ನ ಚಿಕ್ಕವ್ವ


ಹೈದರಾಬಾದ್
10 ಜನವರಿ 2024

ಪ್ರೀತಿಯ ಚಿಕ್ಕವ್ವ,

ಸಂಕ್ರಾಂತಿಯ ಶುಭಾಶಯಗಳು. ನಿನ್ನ ಕಾಗದದ ‘ನಾಟಕದ ಮನೆ’ ಎನ್ನುವ ಮಾತನ್ನು ನಿರ್ದೇಶಕರಿಗೆ ಓದಿ ಹೇಳಿದೆ, ಬಹಳ ಮೆಚ್ಚಿದರು.

ಡೇಟು ಸಿಕ್ಕಿತು, ಫೆಬ್ರವರಿ ಮೊದಲ ವಾರ ಬರುತ್ತೇವೆ. ಬೆಂಕಿಯ ದೃಶ್ಯ ಕೊನೆಗೆ. ಒಂದು ವಿಷಯ ಸ್ಪಷ್ಟ ಮಾಡಬೇಕು. ಭವ್ಯ ಹೇಳಿದ ಹಾಗೆ ಕಂಪ್ಯೂಟರ್ ಬೆಂಕಿ ಅಲ್ಲ. ಮನೆ ನಿಜವಾಗಿಯೇ ಸುಡುತ್ತದೆ. ಒಂದೇ ಟೇಕು, ಎರಡನೆಯ ಅವಕಾಶವಿಲ್ಲ. ಇಷ್ಟು ದಿನ ಹಿಡಿದ ಮಸಿ, ಎಣ್ಣೆ, ಅರಿಶಿನ ಎಲ್ಲವೂ ಆ ಕೆಲವು ನಿಮಿಷಗಳಲ್ಲಿ ಉರಿಯುವುದನ್ನು ನೋಡಬೇಕು ಚಿಕ್ಕವ್ವ. ಈ ಒಂದು ದೃಶ್ಯಕ್ಕಾಗಿಯೇ ನಾನು ಈ ಚಿತ್ರ ಒಪ್ಪಿಕೊಂಡದ್ದು.

ಬಿಂದಿಗೆ ಹೊರುವವರು ನಿಮ್ಮ ಬೀದಿಯವರೇ ಆಗಲಿ. ಸಹಾಯಕ ನಿರ್ದೇಶಕರು ಖಾಲಿ ಬಿಂದಿಗೆ ಸಾಕು ಅಂದರು. ನಾನು ಜಗಳವಾಡಿದೆ. ಖಾಲಿ ಬಿಂದಿಗೆ ಹೊತ್ತವಳ ಸೊಂಟ ಸುಳ್ಳು ಹೇಳುತ್ತದೆ. ಕಂಠದವರೆಗೆ ನೀರು ತುಂಬಿರಬೇಕು ಎಂದು ಹೇಳಿದ್ದೇನೆ. ನೀನು ಮಾತ್ರ ನನ್ನ ಪಕ್ಕ ಕುರ್ಚಿಯಲ್ಲಿ ಕೂರಬೇಕು.

ನಿನ್ನ
ರಂಜನಿ


ಸತ್ತೇಗಾಲ
24 ಜನವರಿ 2024

ಚಿರಂಜೀವಿ ರಂಜನಿಗೆ,

ಆಶೀರ್ವಾದಗಳು. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಈಗ ಮುಚ್ಚಿಡದೆ ಬರೆಯುತ್ತೇನೆ.

ಹಾಲುಕ್ಕಿಸಿದೆವು ಎಂದು ಬರೆದಿದ್ದೆ. ಉಕ್ಕಿಸಿದವಳು ನಾನು. ಬೇಕೆಂದು ಮಾಡಲಿಲ್ಲ. ಆ ದಿನ ಚೆಲುವಮ್ಮನನ್ನು ಕರೆದೆ, ಮುತ್ತೈದೆ ಅವಳೇ ತಾನೇ. ಅವಳಿಗೆ ಕಾಲುನೋವು, ಏಳಲು ಸೋಮಾರಿತನ. ‘ಅಲಗೆ ಮನೆಗೆ ಮುತ್ತೈದೆ ಯಾಕಕ್ಕ? ನೀನೇ ಉಕ್ಸು, ಯಾವ್ ದೇವ್ರು ನೋಡಾಕ್ ಬತ್ತಾನೆ’ ಅಂದಳು. ತಮಾಷೆಗೆ ಅಂದದ್ದು. ನಾನು ತಮಾಷೆ ಮಾಡಲಿಲ್ಲ. ಪಾತ್ರೆ ಇಟ್ಟೆ, ಉರಿ ಮಾಡಿದೆ, ನಾಗಶ್ರೀ ಊದುಗೊಳವೆ ಹಿಡಿದಳು. ಮದುವೆಯಾಗಿ ಬಂದಾಗ ಅತ್ತೆಯ ಒಲೆಗೆ ಬಂದೆ. ಗಂಡ ಹೋದ ಮೇಲೆ ಊರಲ್ಲಿ ಎಷ್ಟು ಮನೆಯ ಹಾಲು ಉಕ್ಕಿತು, ಎಲ್ಲ ಕಡೆಯೂ ನಾನು ಹಿತ್ತಲಲ್ಲಿ ಪಾತ್ರೆ ತೊಳೆದೆ. ಇದೊಂದೇ ನನ್ನ ಕೈಯಿಂದ ಆದದ್ದು. ಹೆಂಗಸರೆಲ್ಲ ತಿಳಿದೇ ಬಂದರು, ತಿಳಿದೇ ಉಂಡರು. ಮೊದಲು ಒಬ್ಬಳು ಬಂದಳು, ಅವಳಿಗೇನೂ ಆಗಲಿಲ್ಲ ಎಂದು ಇನ್ನೊಬ್ಬಳು ಬಂದಳು. ಹಾಗೆ.

ಈಗ ಮನೆ ನಿಜವಾಗಿ ಸುಡುತ್ತದೆ ಎಂದು ತಿಳಿದು ಚೆಲುವಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ‘ಅಕ್ಕ, ಸಿನಿಮಾದೋರು ಸುಟ್ರು ಅಂತ ಯಾರ್ ನೆನಪ್ ಮಡಿಕ್ಕತಾರೆ? ವರ್ಸ ಕಳುದ್ರೆ, ಮುಂಡೆ ಆಲುಕ್ಸುದ್ಲು, ಮನೆ ಬೂದಿಯಾಯ್ತು ಅಂತಾರೆ. ನಿನ್ ಕಾಲ ಮುಗೀತು. ನಾಗಶ್ರೀ ಇನ್ನೂ ಬಾಳ್ಬೇಕು’ ಅಂದಳು. ಅವಳು ಹೇಳಿದ್ದು ಸುಳ್ಳಲ್ಲ, ರಂಜನಿ.

ನಿನ್ನ ಕಸುಬು ನನಗೆ ಗೊತ್ತು. ಇನ್ನೊಂದು ಮನೆ ಕಟ್ಟಿ ಸುಡಲು ಆಗುತ್ತದೆಯೇ? ಆಗದಿದ್ದರೆ ಆಗದು ಎಂದೇ ಬರೆ. ಉತ್ತರಕ್ಕೆ ಕಾದಿರುತ್ತೇನೆ.

ಇಂತಿ ನಿನ್ನ ಚಿಕ್ಕವ್ವ


ಹನೂರು
12 ಫೆಬ್ರವರಿ 2024

ಚಿಕ್ಕವ್ವ,

ನಿನ್ನ ಮನೆಗೆ ಬಂದು ಮಾತಾಡುವಷ್ಟು ಸಮಾಧಾನ ನನಗಿಲ್ಲ, ಅದಕ್ಕೇ ಹನೂರಿನ ಲಾಡ್ಜಿನಿಂದ ಬರೆಯುತ್ತಿದ್ದೇನೆ.

‘ಆಕ್ಷನ್’ ಅಂದರು. ಬೆಂಕಿ ಜಗುಲಿಯಿಂದ ಸೂರಿಗೆ ಹತ್ತಿತು. ಅಷ್ಟು ಚೆನ್ನಾದ ಬೆಂಕಿಯನ್ನು ನಾನು ನೋಡಿರಲಿಲ್ಲ. ನಿಮ್ಮ ಹೆಂಗಸರು ಸಾಲಾಗಿ ಬಂದರು, ನಿಂತರು. ಆಮೇಲೆ ಯಾರೋ ಒಬ್ಬಳು ಓಡಿದಳು. ಅವಳ ಹಿಂದೆ ಇನ್ನೊಬ್ಬಳು. ನಿರ್ದೇಶಕರು ಮೈಕಿನಲ್ಲಿ ‘ಬೇಡ, ಬೇಡ’ ಎಂದು ಕೂಗುತ್ತಿದ್ದಾರೆ, ಇವರು ಇಡೀ ಸಾಲು ನುಗ್ಗಿ ನೀರು ಸುರಿದು, ಕಾಲುವೆಗೆ ಓಡಿ ಮತ್ತೆ ತುಂಬಿಕೊಂಡು ಬಂದು ಸುರಿದರು. ಉರಿಗೆಂದು ಪೈಪಿನಲ್ಲಿ ಬಿಟ್ಟಿದ್ದ ಗ್ಯಾಸು ಬಂದ್ ಮಾಡದೆ ಬೇರೆ ದಾರಿ ಇರಲಿಲ್ಲ. ಅಗ್ನಿಶಾಮಕದವರು ಕೈಕಟ್ಟಿ ನಿಂತು ನಗುತ್ತಿದ್ದರು, ಅವರಿಗೆ ಕೆಲಸವೇ ಉಳಿಯಲಿಲ್ಲ.

ಮನೆಯ ಮುಂಭಾಗ ಅರ್ಧ ಕರಕಾಗಿ ನಿಂತಿದೆ. ದೃಶ್ಯ ಹೋಯಿತು. ಇಷ್ಟು ವರ್ಷ ಕಟ್ಟಿದ ಹೆಸರು ಮಧ್ಯಾಹ್ನದ ಒಂದು ಗಳಿಗೆಯಲ್ಲಿ ನಗೆಪಾಟಲಾಯಿತು. ತುಂಬಿದ ಬಿಂದಿಗೆ ಬೇಕು ಎಂದವಳು ಯಾರು ಎಂದು ಎಲ್ಲರೂ ನನ್ನ ಕಡೆ ನೋಡುತ್ತಾರೆ.

ಮೊದಲು ಓಡಿದವಳು ಯಾರು? ಕ್ಯಾಮೆರಾದಲ್ಲಿ ಹೊಗೆ ಬಿಟ್ಟು ಏನೂ ಕಾಣುವುದಿಲ್ಲ. ನಿರ್ದೇಶಕರು ಹೆಸರು ಕೇಳುತ್ತಿದ್ದಾರೆ. ನೀನು ಹೇಳಿಕೊಟ್ಟದ್ದೇ?

ರಂಜನಿ


ಸತ್ತೇಗಾಲ
15 ಫೆಬ್ರವರಿ 2024

ಚಿರಂಜೀವಿ ರಂಜನಿಗೆ,

ಆಶೀರ್ವಾದಗಳು. ಮೊದಲು ಓಡಿದವಳು ನಾನೇ. ನಿಮ್ಮ ನಿರ್ದೇಶಕರಿಗೆ ಹೇಳು.

ಜನವರಿಯಲ್ಲಿ ನಾನು ಬರೆದ ಕಾಗದ ನಿನಗೆ ಸಿಕ್ಕಿಲ್ಲ ಎಂದು ಈಗ ಗೊತ್ತಾಯಿತು. ಉತ್ತರ ಬಾರದಿದ್ದಾಗ, ಆಗದು ಎಂದು ಬರೆಯಲು ನಿನಗೆ ಮನಸ್ಸು ಬರಲಿಲ್ಲ ಎಂದುಕೊಂಡೆ. ಆ ದಿನ ನಿನ್ನ ಹತ್ತಿರ ಎರಡು ಸಲ ಬಂದೆ. ನೀನು ವಾಕಿಟಾಕಿ ಹಿಡಿದು ‘ಆಮೇಲೆ ಚಿಕ್ಕವ್ವ, ಆಮೇಲೆ’ ಎಂದು ಕೈ ಆಡಿಸಿದೆ. ಕಿವಿ ಕೇಳದವಳು ಮೆಲ್ಲಗೆ ಮಾತಾಡಲಾರಳು. ಅಷ್ಟು ಜನರ ನಡುವೆ ಕೂಗಿ ಹೇಳುವ ಮಾತಾಗಿರಲಿಲ್ಲ ಅದು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಹನೂರಿನ ನೀರು ನಿನಗೆ ಒಗ್ಗುವುದಿಲ್ಲ.

ಇಂತಿ ನಿನ್ನ ಚಿಕ್ಕವ್ವ


ಹೈದರಾಬಾದ್
18 ಮಾರ್ಚ್ 2024

ಪ್ರೀತಿಯ ಚಿಕ್ಕವ್ವ,

ಮನೆಗೆ ಬಂದು ಬಾಗಿಲು ತೆಗೆದರೆ ನಿನ್ನ ಜನವರಿಯ ಕಾಗದ ನೆಲದ ಮೇಲೆ ಬಿದ್ದಿತ್ತು. ನಾನು ಹೊರಟ ಮೇಲೆ ಬಂದಿದೆ. ಚಪ್ಪಲಿ ಬಿಡದೆ ನಿಂತಲ್ಲೇ ಓದಿದೆ.

ಆ ಹಾಲಿನ ಕಲೆಯನ್ನು ನಾನು ಎಷ್ಟು ಜನಕ್ಕೆ ತೋರಿಸಿದೆ! ಬೆಳಕು ಬಿದ್ದರೆ ಹೇಗೆ ಕಾಣುತ್ತದೆ ಎಂದು ಎಷ್ಟು ಮಾತಾಡಿದೆ. ಯಾರ ಕೈಯ ಹಾಲು ಎಂದು ಕೇಳಲು ತೋಚಲಿಲ್ಲ.

ನಿನ್ನ ಕೈಯಲ್ಲಿ ಬಿಂದಿಗೆ ಇರಲಿಲ್ಲ ಚಿಕ್ಕವ್ವ. ನಾನೇ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಮೊದಲು ಓಡಿದವಳು ಯಾರು ಎಂದು ಇನ್ನು ಕೇಳುವುದಿಲ್ಲ. ನಿರ್ದೇಶಕರಿಗೆ, ತಪ್ಪು ನನ್ನದು, ನೀರು ತುಂಬಿಸಿದವಳು ನಾನು ಎಂದು ಹೇಳಿದ್ದೇನೆ. ಅದು ನಿಜವೂ ಹೌದು.

ಮುಂಭಾಗ ರಿಪೇರಿ ಮಾಡಿ ಅಲ್ಲೇ ಮತ್ತೆ ಸುಡೋಣ, ಬೇರೆ ಊರಿನ ಜನರನ್ನು ತರೋಣ ಎಂದು ಅವರ ಹಟ. ನಾನು ಒಪ್ಪಲಿಲ್ಲ. ಕೌದಳ್ಳಿಯ ಹತ್ತಿರ ರಸ್ತೆ ಬದಿಯಲ್ಲಿ ಬರೀ ಒಂದು ಮುಖಗೋಡೆ, ಅರ್ಧ ಸೂರು ಕಟ್ಟಿಸುತ್ತಿದ್ದೇನೆ. ಹಿಂದೆ ಏನೂ ಇಲ್ಲ, ಬಿದಿರಿನ ಊರುಗೋಲು ಅಷ್ಟೇ. ಒಲೆ ಇಲ್ಲ. ಮಸಿಯನ್ನು ಸ್ಪ್ರೇಯಿಂದ ಹೊಡೆಯುತ್ತೇವೆ. ಬಿಂದಿಗೆ ಖಾಲಿ. ನನ್ನ ಸಹಾಯಕರು ನನ್ನ ಮುಖ ನೋಡುತ್ತಾರೆ.

ಹೊಲದ ಮನೆಯನ್ನು ಸುಡುವುದಿಲ್ಲ. ಗುತ್ತಿಗೆ ಮುಗಿಯುವವರೆಗೆ ಅದು ನಿನ್ನದು.

ನಿನ್ನ
ರಂಜನಿ


ಹೈದರಾಬಾದ್
20 ಜನವರಿ 2025

ಪ್ರೀತಿಯ ಚಿಕ್ಕವ್ವ,

ಬಹಳ ದಿನವಾಯಿತು ಬರೆದು. ಚಿತ್ರ ಬಿಡುಗಡೆಯಾಗಿದೆ. ಕೊಳ್ಳೇಗಾಲಕ್ಕೆ ಬಂದರೆ ನೋಡು. ಪತ್ರಿಕೆಯಲ್ಲಿ ಒಬ್ಬರು ಹೀಗೆ ಬರೆದಿದ್ದಾರೆ: ‘ಪ್ರಶಸ್ತಿ ಪಡೆದ ಕಲಾ ನಿರ್ದೇಶಕಿಯಿಂದ ಇಂಥ ಅಂತ್ಯ ನಿರೀಕ್ಷಿಸಿರಲಿಲ್ಲ. ಸುಡುವ ಮನೆ ಸೆಟ್ ಎಂದು ತಿಳಿದುಬಿಡುತ್ತದೆ.’ ಸರಿಯಾಗಿಯೇ ಬರೆದಿದ್ದಾರೆ. ಈ ಚಿತ್ರಕ್ಕೆ ಯಾವ ಪ್ರಶಸ್ತಿಯೂ ಬರುವುದಿಲ್ಲ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಇದೆ. ಮುಂದಿನ ಕೆಲಸ ರೈಲಿನದು, ಇಡೀ ಬೋಗಿ ಕಟ್ಟಬೇಕು.

ಹೊಲದ ಮನೆ ಏನಾಯಿತು? ಊರಿನಲ್ಲಿ ಏನನ್ನುತ್ತಾರೆ? ಕೇಳಲು ಇಷ್ಟು ದಿನ ಧೈರ್ಯ ಬರಲಿಲ್ಲ.

ನಿನ್ನ
ರಂಜನಿ


ಸತ್ತೇಗಾಲ
9 ಫೆಬ್ರವರಿ 2025

ಚಿರಂಜೀವಿ ರಂಜನಿಗೆ,

ಆಶೀರ್ವಾದಗಳು. ಸಿನಿಮಾವನ್ನು ಭವ್ಯಳ ಜೊತೆ ನೋಡಿದೆ. ಮಾತು ಕೇಳಿಸದಿದ್ದರೂ ಕಥೆ ತಿಳಿಯಿತು. ಕೊನೆಯ ಬೆಂಕಿ ನೋಡುವಾಗ ಎದೆಗೆ ಏನೂ ಆಗಲಿಲ್ಲ. ನಿನಗೆ ಇದು ಹೊಗಳಿಕೆಯಲ್ಲ, ನನಗೆ ಗೊತ್ತು.

ಹೊಲದ ಮನೆ ಮಳೆಗಾಲದವರೆಗೆ ನಿಂತಿತ್ತು. ಆಮೇಲೆ ನಿನ್ನ ಚಿಕ್ಕಪ್ಪ ಕಬ್ಬು ಹಾಕಬೇಕು ಅಂದ. ಸುಡಲಿಲ್ಲ, ಬೀಳಿಸಲಿಲ್ಲ, ಕೈಯಿಂದ ಬಿಚ್ಚಿದೆವು. ಹೆಂಚನ್ನು ದನದ ಕೊಟ್ಟಿಗೆಗಳಿಗೆ ಹಂಚಿಕೊಂಡರು. ಹಲಗೆಗಳು ಕೋಳಿಗೂಡಾದವು.

ಊರಿನವರು ಏನನ್ನುತ್ತಾರೆ ಎಂದು ಕೇಳಿದ್ದೀಯೆ. ಮೊದಲು ಏನೂ ಅನ್ನಲಿಲ್ಲ. ಆಮೇಲೆ ಚೆಲುವಮ್ಮನೇ ಶುರುಮಾಡಿದಳು. ಗಿರಣಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಎಲ್ಲೆಲ್ಲೂ ಅವಳದು ಒಂದೇ ಮಾತು: ‘ನಮ್ಮಕ್ಕ ಆಲುಕ್ಸಿದ್ ಮನೆ ಕಣ್ರವ್ವ, ಗ್ಯಾಸ್ ಪೈಪ್ ಇಟ್ ಅಚ್ಚುದ್ರೂ ಉರೀಲಿಲ್ಲ.’ ನೀರು ಸುರಿದವರಲ್ಲಿ ತಾನೂ ಒಬ್ಬಳು ಎನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾಳೆ. ಕೇಳುವವರೆಲ್ಲ ತಾವೂ ಸುರಿದವರೇ. ಯಾರೂ ಎದುರು ಹೇಳುವುದಿಲ್ಲ.

ಮೊದಲು ಓಡಿದವಳು ನಾಗಶ್ರೀ. ನೀನು ಕೇಳದೆ ಬಿಟ್ಟಿದ್ದಕ್ಕೆ ಈಗ ಹೇಳುತ್ತಿದ್ದೇನೆ. ಅವಳ ಹಿಂದೆಯೇ ಓಡಿದವಳು ಅವಳ ಅತ್ತೆ, ಕಾಲುನೋವಿನ ಚೆಲುವಮ್ಮ.

ಭವ್ಯ ಕೊಳ್ಳೇಗಾಲದಲ್ಲಿ ಹೊಸ ಬಾಡಿಗೆ ಮನೆಗೆ ಹೋಗುತ್ತಿದ್ದಾಳೆ. ನಿನ್ನೆ ಜಗುಲಿಯ ಮೇಲೆ ರಾಗಿ ಹಸನು ಮಾಡುತ್ತಾ ಕೂತಿದ್ದಾಗ ಚೆಲುವಮ್ಮ ಬಂದು ನನ್ನ ಕಿವಿಯ ಹತ್ತಿರ ಕೂತಳು. ‘ಅಕ್ಕ, ಭವ್ಯ ದೊಡ್ಡವ್ವನ್ನೇ ಕರ್ಕಬಾ ಅಂತಾವ್ಳೆ. ಆಲು ನೀನೇ ಉಕ್ಸ್‌ಬೇಕಂತೆ’ ಅಂದಳು.

ಮೊರ ಕೆಳಗಿಟ್ಟೆ. ‘ನಾ ಒಂದ್ ದಪ ಉಕ್ಸಿವ್ನಿ, ಅಷ್ಟು ಸಾಕು ಕಣ್ ಚೆಲುವಿ. ನಾಗಶ್ರೀ ಉಕ್ಸ್ಲಿ. ನಾ ಪಕ್ದಲ್ ಕೂತು ಉರಿ ನೋಡ್ಕತೀನಿ’ ಅಂದೆ.

ಒಳಗೆ ನಾಗಶ್ರೀ ಕಸ ಗುಡಿಸುವುದನ್ನು ನಿಲ್ಲಿಸಿದ್ದು ನನಗೆ ಬಾಗಿಲ ಸಂದಿಯಲ್ಲಿ ಕಂಡಿತು. ಆಮೇಲೆ ಚೆಲುವಮ್ಮ ತಲೆ ತಗ್ಗಿಸಿಕೊಂಡು ಏನೋ ಅಂದಳು. ಕೇಳಿಸಲಿಲ್ಲ. ‘ಏನಂದೆ?’ ಎಂದೆ. ಇನ್ನೊಂದು ಸಲ ಅಂದಳು. ಆಗಲೂ ಕೇಳಿಸಲಿಲ್ಲ.

ಅವಳಿಗೆ ರೇಗಿತು. ಎದ್ದು ನಿಂತು ಕೂಗಿದಳು: ‘ಅಂಗಾದ್ರೆ ನಾಗಶ್ರೀಗೆ ಒಂದು ಒಸಾ ಸೀರೆ ತಕಬೇಕು, ಕೆಂಪಂಚಿಂದು, ಕೊಳ್ಳೇಗಾಲಕ್ ಓಗನ ನಡಿ ಅಂದೆ ಕಣಕ್ಕ!’

ಬೀದಿಗೆಲ್ಲ ಕೇಳಿಸಿತು.

ಇಂತಿ ನಿನ್ನ
ಚಿಕ್ಕವ್ವ